ಬಯೋಡೀಸೆಲ್ ಘಟಕಕ್ಕೆ ದುಡ್ಡು ಹಾಕುವ ಮುನ್ನ ಎಣ್ಣೆ ಎಲ್ಲಿಂದ ಬರುತ್ತದೆ ಅಂತ ಕೇಳಿ

ಪ್ರಶ್ನೆ: ನಮಸ್ಕಾರ ಸರ್. ನನ್ನದು ಸಣ್ಣ ಸರಕು ಸಾಗಣೆ ವ್ಯವಹಾರ. ಎಂಟು ಲಾರಿಗಳಿವೆ. ಖರ್ಚಿನಲ್ಲಿ ದೊಡ್ಡ ಪಾಲು ಡೀಸೆಲ್‌ಗೇ ಹೋಗುತ್ತದೆ. ಸ್ನೇಹಿತರೊಬ್ಬರು ಕರಿದು ಬಿಟ್ಟ ಎಣ್ಣೆಯಿಂದ ಬಯೋಡೀಸೆಲ್ ತಯಾರಿಸುವ ಘಟಕ ಹಾಕುತ್ತಿದ್ದಾರೆ, ಪಾಲುದಾರರಾಗಿ ಬನ್ನಿ ಎಂದು ಒತ್ತಾಯ ಮಾಡುತ್ತಿದ್ದಾರೆ. ಬಳಸಿದ ಎಣ್ಣೆ ಕಸದ ಬೆಲೆಗೆ ಸಿಗುತ್ತದೆ, ಜೊತೆಗೆ ಬರುವ ಗ್ಲಿಸರಿನ್ ಮಾರಿದರೆ ಅರ್ಧ ಖರ್ಚು ಹುಟ್ಟುತ್ತದೆ, ಮೂರು ವರ್ಷದಲ್ಲಿ ಹಾಕಿದ ದುಡ್ಡು ವಾಪಸ್ ಎನ್ನುವುದು ಅವರ ಲೆಕ್ಕ. ನನ್ನ ಲಾರಿಗಳಿಗೂ ಅದನ್ನೇ ಹಾಕಬಹುದಂತೆ. ಮನೆಯವರಿಗೆ ಮಾತ್ರ ಭಯ. ಇಂಜಿನ್ ಕೆಡುತ್ತದೆ, ನಾಳೆ ಎಲ್ಲವೂ ಎಲೆಕ್ಟ್ರಿಕ್ ಆದರೆ ಇದನ್ನು ಯಾರು ಕೊಳ್ಳುತ್ತಾರೆ ಅಂತಾರೆ. ಡೀಸೆಲ್ ಬೆಲೆ ಏರುತ್ತಾ ಹೋದರೆ ಬಯೋಡೀಸೆಲ್‌ಗೆ ಲಾಭವೇ ಅಲ್ವಾ? ನನ್ನ ಉಳಿತಾಯದ ಬಹುಪಾಲು ಹಾಕಬೇಕಾಗುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಸೇರಿಕೊಂಡಿವೆ. ಲಾರಿಗೆ ಬಯೋಡೀಸೆಲ್ ಹಾಕಬಹುದೇ ಎನ್ನುವುದು ಒಂದು. ಅದನ್ನು ತಯಾರಿಸುವ ಘಟಕಕ್ಕೆ ದುಡ್ಡು ಹಾಕಬಹುದೇ ಎನ್ನುವುದು ಇನ್ನೊಂದು. ನಿಮ್ಮ ಸ್ನೇಹಿತರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿರುವುದರಿಂದ ಒಂದಕ್ಕೆ ಹೌದು ಅಂದರೆ ಇನ್ನೊಂದಕ್ಕೂ ಹೌದು ಅಂದಂತೆ ಕಾಣುತ್ತಿದೆ. ದಯವಿಟ್ಟು ಬೇರೆ ಬೇರೆಯಾಗಿ ನೋಡಿ. ಸಾಲ ಕೊಡುವವರ ಪರವಾಗಿ ಇಂಥ ಘಟಕಗಳ ಯೋಜನಾ ವರದಿ ಪರಿಶೀಲಿಸುವುದು ನನ್ನ ಕೆಲಸ. ಇಂಧನ ಚೆನ್ನಾಗಿದ್ದೂ ವ್ಯವಹಾರ ಮುಳುಗಿದ ಘಟಕಗಳನ್ನು ಬೇಕಾದಷ್ಟು ನೋಡಿದ್ದೇನೆ.

ಮೊದಲು ಲಾರಿಯ ವಿಷಯ ಮುಗಿಸೋಣ. ಅದು ಸುಲಭ.

ಬಯೋಡೀಸೆಲ್ ಅಂದರೆ ಸೋಸಿದ ಎಣ್ಣೆಯಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಇಂಜಿನನ್ನು ಕಡಲೆಕಾಯಿ ಎಣ್ಣೆಯಲ್ಲಿ ಓಡಿಸಿ ತೋರಿಸಿದ್ದರು. ಅದನ್ನೇ ಹಿಡಿದುಕೊಂಡು ಎಷ್ಟೋ ಜನ ಎಣ್ಣೆಯನ್ನು ನೇರವಾಗಿ ಟ್ಯಾಂಕಿಗೆ ಸುರಿಯುತ್ತಾರೆ. ಸಸ್ಯದ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ಈಗಿನ ಇಂಜಿನ್‌ನ ಇಂಜೆಕ್ಟರ್ ಅದನ್ನು ಸರಿಯಾಗಿ ಸಿಂಪಡಿಸಲಾರದು. ಪೂರ್ತಿ ಉರಿಯದೆ ಮಸಿ ಕಟ್ಟಿಕೊಳ್ಳುತ್ತದೆ. ಎಣ್ಣೆಗೆ ಮೆಥನಾಲ್ ಮತ್ತು ಸ್ವಲ್ಪ ಕಾಸ್ಟಿಕ್ ಸೋಡಾದಂಥ ಕ್ಷಾರ ಸೇರಿಸಿ, ಬಿಸಿ ಮಾಡಿ ಕಲಕಿದಾಗ ಅದು ಬಯೋಡೀಸೆಲ್ ಮತ್ತು ಗ್ಲಿಸರಿನ್ ಆಗಿ ಒಡೆಯುತ್ತದೆ. ಮೇಲೆ ತೇಲುವ ಬಯೋಡೀಸೆಲನ್ನು ತೊಳೆದು ಒಣಗಿಸಬೇಕು. ಆಗ ಅದರ ಮಂದತೆ ಡೀಸೆಲ್‌ಗೆ ಹತ್ತಿರ ಬರುತ್ತದೆ. ನಿಮ್ಮ ಮನೆಯವರು ಕೇಳಿರುವ 'ಇಂಜಿನ್ ಕೆಟ್ಟ' ಕಥೆಗಳಲ್ಲಿ ಬಹಳಷ್ಟು ಈ ಕೆಲಸವನ್ನು ಅರ್ಧಕ್ಕೇ ಬಿಟ್ಟ ಸರಕಿನದು.

ಗುಣಮಟ್ಟದ ಬಯೋಡೀಸೆಲ್ ಇಂಜಿನ್ನಿಗೆ ಶತ್ರುವಲ್ಲ. ಅದರಲ್ಲಿ ಗಂಧಕ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಜಾರುವ ಗುಣವೂ ಚೆನ್ನಾಗಿದೆ. ಗಂಧಕ ತೆಗೆದ ಡೀಸೆಲ್‌ಗೆ ಶೇ. 1–2ರಷ್ಟು ಸೇರಿಸಿದರೂ ಪಂಪಿನ ಸವೆತ ಕಡಿಮೆಯಾಗುತ್ತದೆ. ಅಮೆರಿಕದ ಡೀಸೆಲ್ ಮಾನದಂಡ ಶೇ. 5ರವರೆಗೆ, ಯುರೋಪಿನದು ಶೇ. 7ರವರೆಗೆ ಬಯೋಡೀಸೆಲ್ ಬೆರಸಲು ಬಿಡುತ್ತದೆ. ಅದನ್ನು ಸಾಮಾನ್ಯ ಡೀಸೆಲ್ ಎಂದೇ ಮಾರುತ್ತಾರೆ. ಶೇ. 20ರ ಮಿಶ್ರಣವನ್ನು, ಅಂದರೆ ಬಿ20ಯನ್ನು, ಎಷ್ಟೋ ಇಂಜಿನ್ ಕಂಪನಿಗಳು ಒಪ್ಪುತ್ತವೆ. ನಿಮ್ಮ ಲಾರಿಯ ಕೈಪಿಡಿಯಲ್ಲಿ ಏನು ಬರೆದಿದೆ ನೋಡಿ, ವಾರಂಟಿ ಉಳಿಯುವುದು ಅದರ ಮೇಲೆ. ನೂರಕ್ಕೆ ನೂರು ಬಯೋಡೀಸೆಲ್ ಮಾತ್ರ ಬೇರೆಯೇ ಕಥೆ. ಹಳೆಯ ರಬ್ಬರ್ ಪೈಪು, ಸೀಲುಗಳನ್ನು ಅದು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ತಾಮ್ರ, ಹಿತ್ತಾಳೆ ತಾಗಿದರೆ ಬೇಗ ಕೆಡುತ್ತದೆ. ಚಳಿಯಲ್ಲಿ ಗಟ್ಟಿಯಾಗುತ್ತದೆ. ಸೋಯಾ ಎಣ್ಣೆಯದು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಮಸುಕಾಗಲು ಶುರುವಾದರೆ, ತಾಳೆ ಎಣ್ಣೆಯದು 15 ಡಿಗ್ರಿ ಸುಮಾರಿಗೇ ಮಸುಕಾಗುತ್ತದೆ.

ಇನ್ನೊಂದು ವಿಷಯ. ಬಯೋಡೀಸೆಲ್ ಹಳೆಯ ಟ್ಯಾಂಕಿನ ತಳದಲ್ಲಿ ಕೂತ ಗಸಿಯನ್ನು ಕರಗಿಸಿ ಎಬ್ಬಿಸುತ್ತದೆ. ಹಾಗಾಗಿ ಶುರುವಿನಲ್ಲಿ ಫಿಲ್ಟರ್ ಕಟ್ಟಿಕೊಳ್ಳುವುದು ಸಹಜ. ಒಂದೆರಡು ಫಿಲ್ಟರ್ ಜಾಸ್ತಿ ಇಟ್ಟುಕೊಂಡು, ಒಂದು ಲಾರಿಯಿಂದ ಶುರು ಮಾಡಿದರೆ ಇದು ದೊಡ್ಡ ತಲೆನೋವಲ್ಲ.

ಬೆಲೆ ಹೋಲಿಸುವಾಗ ಮಾತ್ರ ಲೀಟರಿಗೆ ಲೀಟರ್ ಹೋಲಿಸಬೇಡಿ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿ ಇದ್ದರೆ ಬಯೋಡೀಸೆಲ್‌ನಲ್ಲಿ ಸುಮಾರು 33. ಶುದ್ಧ ಬಯೋಡೀಸೆಲ್‌ನಲ್ಲಿ ಓಡಿದರೆ ಮೈಲೇಜ್ ಶೇ. 8ರಷ್ಟು ಇಳಿಯುತ್ತದೆ, ಬಿ20ಯಲ್ಲಿ ಶೇ. 1–2. ಶುದ್ಧ ಬಯೋಡೀಸೆಲ್ ಡೀಸೆಲ್‌ಗಿಂತ ಶೇ. 5 ಅಗ್ಗ ಎಂದು ಯಾರಾದರೂ ಹೇಳಿದರೆ ನಿಮಗೆ ಉಳಿಯುವುದು ಏನೂ ಇಲ್ಲ, ಕೈಯಿಂದಲೇ ಸ್ವಲ್ಪ ಹೋಗುತ್ತದೆ. ಕಿಲೋಮೀಟರಿಗೆ ಎಷ್ಟು ಬಿತ್ತು ಅಂತ ಬರೆದಿಡಿ. ಲಾರಿಯ ಮಟ್ಟಿಗೆ ನನ್ನ ಉತ್ತರ ಇಷ್ಟೇ: ಪರೀಕ್ಷಾ ವರದಿ ಇರುವ ಸರಕು, ಕಡಿಮೆ ಪ್ರಮಾಣದ ಮಿಶ್ರಣ, ಧೈರ್ಯವಾಗಿ ಬಳಸಿ.

ಈಗ ದುಡ್ಡು ಹಾಕುವ ಮಾತು.

ಬಯೋಡೀಸೆಲ್ ಘಟಕವನ್ನು ಇಂಧನದ ಕಾರ್ಖಾನೆ ಎಂದು ನೋಡಿದರೆ ಲೆಕ್ಕ ತಪ್ಪುತ್ತದೆ. ಅದು ಹಿಟ್ಟಿನ ಗಿರಣಿ ಇದ್ದ ಹಾಗೆ. ಕಾಳು ಬಂದರೆ ಬೀಸಿದ ಕೂಲಿ ಸಿಗುತ್ತದೆ. ಕಾಳಿನ ಬೆಲೆಯೂ ಹಿಟ್ಟಿನ ಬೆಲೆಯೂ ಗಿರಣಿಯವನ ಕೈಯಲ್ಲಿಲ್ಲ. ಇಲ್ಲೂ ಹಾಗೆಯೇ. ಸುಮಾರು 100 ಕಿಲೋ ಎಣ್ಣೆಗೆ 11 ಕಿಲೋ ಮೆಥನಾಲ್ ಹಾಕಿದರೆ 100 ಕಿಲೋ ಬಯೋಡೀಸೆಲ್, 10 ಕಿಲೋಗಿಂತ ತುಸು ಹೆಚ್ಚು ಗ್ಲಿಸರಿನ್ ಬರುತ್ತದೆ. ಎಣ್ಣೆ ಎಷ್ಟೋ ಇಂಧನವೂ ಅಷ್ಟೇ. ಒಟ್ಟು ಖರ್ಚಿನಲ್ಲಿ ಶೇ. 70–80, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ, ಎಣ್ಣೆಯದ್ದೇ.

ಇದರ ಅರ್ಥ ಏನು ಅಂತ ಒಂದು ಕಾಗದದ ಮೇಲೆ ಬರೆದು ನೋಡಿ. ಉದಾಹರಣೆಗೆ, ನೂರು ರೂಪಾಯಿಗೆ ಮಾರುವ ಬಯೋಡೀಸೆಲ್‌ನಲ್ಲಿ 80 ಎಣ್ಣೆಗೆ ಹೋಯಿತು ಎಂದುಕೊಳ್ಳೋಣ. ಮೆಥನಾಲ್, ಕ್ಷಾರ, ಕರೆಂಟು, ಸಂಬಳ, ಪರೀಕ್ಷೆ ಎಲ್ಲಾ ಸೇರಿ 12. ಉಳಿದದ್ದು 8. ಅದರಲ್ಲೇ ಬಡ್ಡಿ, ಸವೆತ, ತೆರಿಗೆ, ನಿಮ್ಮ ಲಾಭ. ಈಗ ಎಣ್ಣೆಯ ಬೆಲೆ ಬರೀ ಶೇ. 10 ಏರಲಿ. 80 ಇದ್ದದ್ದು 88 ಆಯಿತು. ಆ 8 ಪೂರ್ತಿ ಹೋಯಿತು. ಯಂತ್ರ ಚೆನ್ನಾಗಿಯೇ ಓಡುತ್ತಿರುತ್ತದೆ, ಕೆಲಸಗಾರರು ಮೈಮುರಿದು ದುಡಿಯುತ್ತಿರುತ್ತಾರೆ, ಓಡಿದಷ್ಟೂ ಬಡ್ಡಿ ಕೈಯಿಂದ. ಖಾದ್ಯ ತೈಲದ ಮಾರುಕಟ್ಟೆಯಲ್ಲಿ ಶೇ. 10ರ ಏರಿಳಿತ ಒಂದೇ ತಿಂಗಳಲ್ಲಿ ಆಗುವ ಮಾತು.

ಡೀಸೆಲ್ ಏರಿದರೆ ನಮಗೆ ಲಾಭವೇ ಅಲ್ವಾ ಎಂದು ಕೇಳಿದ್ದೀರಿ. ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಡೀಸೆಲ್ ಏರಿದಾಗ ಎಲ್ಲಾ ಬಯೋಡೀಸೆಲ್ ಘಟಕಗಳೂ ಎಣ್ಣೆ ಕೊಳ್ಳಲು ಮುಗಿಬೀಳುತ್ತವೆ, ಎಣ್ಣೆಯ ಬೆಲೆ ಹಿಂದೆಯೇ ಏರುತ್ತದೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಡೀಸೆಲ್ ಜೊತೆಗೆ ಸೂರ್ಯಕಾಂತಿ, ತಾಳೆ, ಸೋಯಾ ಎಲ್ಲವೂ ಏರಿದವು. ಏಪ್ರಿಲ್‌ನಲ್ಲಿ ಇಂಡೋನೇಷ್ಯಾ ಕೆಲವು ವಾರ ತಾಳೆ ಎಣ್ಣೆಯ ರಫ್ತನ್ನೇ ನಿಲ್ಲಿಸಿತು. ಆದರೆ ಡೀಸೆಲ್ ಇಳಿದಾಗ ಎಣ್ಣೆ ಅಷ್ಟೇ ವೇಗದಲ್ಲಿ ಇಳಿಯಬೇಕೆಂದಿಲ್ಲ. ಜನ ಅಡುಗೆ ನಿಲ್ಲಿಸುವುದಿಲ್ಲವಲ್ಲ. ಕಚ್ಚಾ ತೈಲ 2008ರ ಜುಲೈನಲ್ಲಿ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತ್ತು. ವರ್ಷದ ಕೊನೆಗೆ 40ಕ್ಕಿಂತ ಕೆಳಗೆ ಬಂತು. 2014ರ ಮಧ್ಯದಲ್ಲಿ 100 ದಾಟಿದ್ದದ್ದು 2016ರ ಜನವರಿಯಲ್ಲಿ 30ಕ್ಕಿಂತ ಕೆಳಗಿಳಿಯಿತು. ಮೂರು ವರ್ಷದಲ್ಲಿ ದುಡ್ಡು ವಾಪಸ್ ಎನ್ನುವ ಲೆಕ್ಕದ ನಡುವೆ ಇಂಥ ಒಂದು ವರ್ಷ ಬಂದರೆ ಸಾಲದ ಕಂತು ಕಟ್ಟುವುದು ಯಾರು?

ಹಾಗಾದರೆ ಜಗತ್ತಿನಲ್ಲಿ ಇಷ್ಟೊಂದು ಬಯೋಡೀಸೆಲ್ ಹೇಗೆ ತಯಾರಾಗುತ್ತಿದೆ? ಸರ್ಕಾರದ ನಿಯಮದಿಂದ. ಹೆಚ್ಚಿನ ವರ್ಷಗಳಲ್ಲಿ ಬಯೋಡೀಸೆಲ್ ತಯಾರಿಸುವ ಖರ್ಚು ಡೀಸೆಲ್‌ಗಿಂತ ಜಾಸ್ತಿಯೇ ಇರುತ್ತದೆ. ಆ ಅಂತರವನ್ನು ತೆರಿಗೆ ವಿನಾಯಿತಿ, ಸಬ್ಸಿಡಿ ಅಥವಾ ಕಡ್ಡಾಯ ಮಿಶ್ರಣದ ನಿಯಮ ತುಂಬುತ್ತದೆ. ಇಂಡೋನೇಷ್ಯಾ 2020ರಲ್ಲಿ ಶೇ. 30, 2023ರಲ್ಲಿ ಶೇ. 35, 2025ರಲ್ಲಿ ಶೇ. 40 ಮಿಶ್ರಣಕ್ಕೆ ಹೋಯಿತು. ಅದರ ಖರ್ಚನ್ನು ತಾಳೆ ಎಣ್ಣೆ ರಫ್ತಿನ ಮೇಲೆ ಹಾಕಿದ ಸುಂಕದಿಂದ ಭರಿಸುತ್ತದೆ. ನಿಯಮ ಇರುವುದು ತಪ್ಪಲ್ಲ. ಹೊಗೆಯ ಕಣ ಕಡಿಮೆ, ಆಮದು ಕಡಿಮೆ, ಬಳಸಿದ ಎಣ್ಣೆ ಚರಂಡಿಗೆ ಹೋಗುವುದು ತಪ್ಪುತ್ತದೆ. ಸಮಾಜಕ್ಕೆ ಇದರಿಂದ ನಿಜವಾಗಿ ಲಾಭವಿದೆ, ನಾನು ಈ ಕ್ಷೇತ್ರದಲ್ಲಿ ಉಳಿದಿರುವುದೂ ಅದಕ್ಕೇ. ಆದರೆ ನಿಮ್ಮ ಲಾಭ ಒಂದು ಆದೇಶದ ಮೇಲೆ ನಿಂತಿದ್ದರೆ, ಆ ಆದೇಶ ಬದಲಾದ ದಿನ ಏನಾಗುತ್ತದೆ ಅಂತ ಗೊತ್ತಿರಬೇಕು.

ಏನಾಗುತ್ತದೆ ಎನ್ನುವುದು ಜರ್ಮನಿಯಲ್ಲಿ ಕಂಡಿತು. ಅಲ್ಲಿ ಶುದ್ಧ ಬಯೋಡೀಸೆಲ್‌ಗೆ ತೆರಿಗೆಯೇ ಇರಲಿಲ್ಲ. ಲಾರಿ ಮಾಲೀಕರು, ನಿಮ್ಮಂಥವರೇ, ಅದನ್ನು ಖುಷಿಯಿಂದ ಹಾಕಿಸಿಕೊಳ್ಳುತ್ತಿದ್ದರು. 2006ರ ಆಗಸ್ಟ್‌ನಲ್ಲಿ ಲೀಟರಿಗೆ 9 ಯೂರೋ ಸೆಂಟ್ ತೆರಿಗೆ ಬಂತು. ಆಮೇಲೆ ಅದು ಏರುತ್ತಾ ಹೋಯಿತು. ಬೆಲೆಯ ಆಕರ್ಷಣೆ ಹೋದ ಕೂಡಲೇ ಲಾರಿಗಳು ಡೀಸೆಲ್‌ಗೆ ಮರಳಿದವು, ಬಂಕುಗಳ ಶುದ್ಧ ಬಯೋಡೀಸೆಲ್ ಮಾರುಕಟ್ಟೆ ಕುಸಿಯಿತು. ಅಮೆರಿಕದಲ್ಲಿ ಗ್ಯಾಲನ್‌ಗೆ 1 ಡಾಲರ್ ತೆರಿಗೆ ರಿಯಾಯಿತಿ ಇತ್ತು. 2009ರ ಕೊನೆಗೆ ಅದರ ಅವಧಿ ಮುಗಿಯಿತು, ಮುಂದುವರಿಸಲು ವರ್ಷವಿಡೀ ತೆಗೆದುಕೊಂಡರು. 2009ರಲ್ಲಿ 51 ಕೋಟಿ ಗ್ಯಾಲನ್‌ಗೂ ಹೆಚ್ಚಿದ್ದ ಉತ್ಪಾದನೆ 2010ರಲ್ಲಿ ಸುಮಾರು 34 ಕೋಟಿಗೆ ಇಳಿಯಿತು. ರಿಯಾಯಿತಿ ಹಿಂದಿನ ದಿನಾಂಕದಿಂದಲೇ ಮರಳಿ ಬಂತು ನಿಜ, ಆದರೆ ಅಷ್ಟರೊಳಗೆ ಬಾಗಿಲು ಹಾಕಿದವರಿಗೆ ಅದರಿಂದ ಏನು ಬಂತು? ಬ್ರೆಜಿಲ್ 2021ರಲ್ಲಿ ಸೋಯಾ ಎಣ್ಣೆ ದುಬಾರಿಯಾಯಿತೆಂದು ಕಡ್ಡಾಯ ಮಿಶ್ರಣವನ್ನು ಶೇ. 13ರಿಂದ 10ಕ್ಕೆ ಇಳಿಸಿತು. ಆಮೇಲೆ ಮತ್ತೆ ಏರಿಸುತ್ತಾ 2025ರಲ್ಲಿ 15 ಮಾಡಿತು. ಇಷ್ಟು ದೊಡ್ಡ ದೇಶಗಳಲ್ಲೇ ಹೀಗೆ.

ಬಳಸಿದ ಎಣ್ಣೆ ಕಸದ ಬೆಲೆಗೆ ಸಿಗುತ್ತದೆ ಎನ್ನುವ ಮಾತಿಗೆ ಬರೋಣ. ನಿಮ್ಮ ಸ್ನೇಹಿತರ ಇಡೀ ಯೋಜನೆ ನಿಂತಿರುವುದೇ ಇದರ ಮೇಲೆ. ಒಂದು ಕಾಲದಲ್ಲಿ ಇದು ನಿಜವಾಗಿತ್ತು. ಈಗ ಆ ಎಣ್ಣೆಗೆ ದೊಡ್ಡ ಗಿರಾಕಿಗಳಿದ್ದಾರೆ. ಹೈಡ್ರೋಜನ್ ಬಳಸಿ ಎಣ್ಣೆಯನ್ನು ಡೀಸೆಲ್‌ನಂತೆಯೇ ಇರುವ ಇಂಧನವಾಗಿ ಬದಲಿಸುವ ಬೃಹತ್ ರಿಫೈನರಿಗಳು ಬಂದಿವೆ. ಇದನ್ನು ರಿನ್ಯೂಯೆಬಲ್ ಡೀಸೆಲ್ ಅನ್ನುತ್ತಾರೆ. ಫಿನ್‌ಲ್ಯಾಂಡಿನ ನೆಸ್ಟೆ ಕಂಪನಿ 2007ರಲ್ಲೇ ಪೋರ್ವೋದಲ್ಲಿ ಇದನ್ನು ಶುರು ಮಾಡಿ, ಆಮೇಲೆ ಸಿಂಗಪುರ, ರಾಟರ್‌ಡ್ಯಾಮ್‌ನಲ್ಲಿ ಘಟಕ ಕಟ್ಟಿತು. ಈ ಇಂಧನಕ್ಕೆ ಚಳಿಯ ಸಮಸ್ಯೆ ಕಡಿಮೆ, ಬೆರಸುವುದಕ್ಕೂ ಮಿತಿ ಇಲ್ಲದಷ್ಟು ಡೀಸೆಲ್‌ಗೆ ಹೋಲುತ್ತದೆ. ಜೊತೆಗೆ ವಿಮಾನ ಇಂಧನ ಬಂದಿದೆ. ಯುರೋಪಿನಲ್ಲಿ 2025ರಿಂದ ಶೇ. 2, 2030ಕ್ಕೆ ಶೇ. 6ರಷ್ಟು ಸುಸ್ಥಿರ ವಿಮಾನ ಇಂಧನ ಕಡ್ಡಾಯ. ಆಹಾರ ಬೆಳೆಯಿಂದ ಮಾಡಿದ್ದು ಅದರಲ್ಲಿ ಲೆಕ್ಕಕ್ಕಿಲ್ಲ, ಬಳಸಿದ ಎಣ್ಣೆಯದು ಲೆಕ್ಕಕ್ಕಿದೆ. ಜಗತ್ತಿಗೇ ಬಳಸಿದ ಎಣ್ಣೆ ಮಾರುತ್ತಿದ್ದ ಚೀನಾ 2024ರ ಡಿಸೆಂಬರ್‌ನಿಂದ ಅದರ ರಫ್ತಿಗೆ ಕೊಡುತ್ತಿದ್ದ ತೆರಿಗೆ ವಾಪಸಾತಿ ನಿಲ್ಲಿಸಿತು. ಕಸ ಎನ್ನುವ ಸರಕಿನ ಮೇಲೆ ಇಷ್ಟೆಲ್ಲ ಕಣ್ಣು ಬಿದ್ದಿದೆ ಎಂದರೆ ಅದರ ಬೆಲೆ ಕಸದ ಬೆಲೆಯಾಗಿ ಎಷ್ಟು ದಿನ ಉಳಿದೀತು?

ಬೆಲೆ ಸರಿಯಿದ್ದರೂ ಸರಕು ಸರಿಯಿರಬೇಕು. ಬಳಸಿದ ಎಣ್ಣೆಯಲ್ಲಿ ನೀರು, ಆಹಾರದ ಚೂರು, ಬಿಡಿ ಕೊಬ್ಬಿನ ಆಮ್ಲ ಇರುತ್ತವೆ. ಕರಿದಷ್ಟೂ ಆಮ್ಲ ಹೆಚ್ಚುತ್ತದೆ. ಅದು ಶೇ. 1–2 ದಾಟಿದರೆ ಕ್ಷಾರ ಹಾಕಿದ ಕೂಡಲೇ ಸಾಬೂನು ಹುಟ್ಟುತ್ತದೆ. ಪ್ರಯೋಗಾಲಯದಲ್ಲಿ ಇದನ್ನು ನೋಡಬೇಕು. ಗಾಜಿನ ಪಾತ್ರೆಯಲ್ಲಿ ಒಳ್ಳೆಯ ಎಣ್ಣೆಯಾದರೆ ಕಲಕುವುದು ನಿಲ್ಲಿಸಿದ ಸ್ವಲ್ಪ ಹೊತ್ತಿಗೇ ಮೇಲೆ ಹೊಂಬಣ್ಣದ ಬಯೋಡೀಸೆಲ್, ಕೆಳಗೆ ಕಂದು ಗ್ಲಿಸರಿನ್, ನಡುವೆ ಸ್ಪಷ್ಟ ಗೆರೆ ಬೀಳುತ್ತದೆ. ಕೆಟ್ಟ ಎಣ್ಣೆಯಾದರೆ ಆ ಗೆರೆಯೇ ಮೂಡುವುದಿಲ್ಲ. ಇಡೀ ಪಾತ್ರೆ ಲೋಳೆಯಂಥ ಒಂದೇ ಮುದ್ದೆ. ಅದರಿಂದ ಇಂಧನ ಬೇರ್ಪಡಿಸುವುದು ಅಸಾಧ್ಯ ಅನ್ನುವಷ್ಟು ಕಷ್ಟ. ಇಂಥ ಎಣ್ಣೆಗೆ ಮೊದಲು ಆಸಿಡ್ ಹಾಕಿ ಇನ್ನೊಂದು ಹಂತದ ಸಂಸ್ಕರಣೆ ಬೇಕು. ಅದಕ್ಕೆ ಬೇರೆ ಪಾತ್ರೆ, ಹೆಚ್ಚು ಮೆಥನಾಲ್, ಹೆಚ್ಚು ಹೊತ್ತು. ನಿಮ್ಮ ಸ್ನೇಹಿತರ ಯಂತ್ರದ ಕೊಟೇಶನ್‌ನಲ್ಲಿ ಆ ಹಂತ ಇದೆಯೇ ಕೇಳಿ. ಅಗ್ಗದ ಕೊಟೇಶನ್‌ಗಳಲ್ಲಿ ಸಾಮಾನ್ಯವಾಗಿ ಅದೇ ಕಾಣೆಯಾಗಿರುತ್ತದೆ. ಟ್ಯಾಂಕರ್ ಬಂದಾಗ ಮೇಲೆ, ನಡುವೆ, ತಳದಲ್ಲಿ ಮೂರೂ ಕಡೆ ಸ್ಯಾಂಪಲ್ ತೆಗೆಯುವ ವ್ಯವಸ್ಥೆ ಇದೆಯೇ ಅಂತಲೂ ಕೇಳಿ. ಮೇಲಿನ ಸ್ಯಾಂಪಲ್ ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ನೀರು ತಳದಲ್ಲಿರುತ್ತದೆ.

ಗ್ಲಿಸರಿನ್‌ನಿಂದ ಅರ್ಧ ಖರ್ಚು ಹುಟ್ಟುತ್ತದೆ ಎನ್ನುವುದನ್ನು ಹೊಡೆದು ಹಾಕಿ. ಹುಟ್ಟುವುದೇ ಎಣ್ಣೆಯ ತೂಕದ ಹತ್ತನೇ ಒಂದು ಭಾಗ. ಅದರಲ್ಲೂ ಮೆಥನಾಲ್, ಸಾಬೂನು, ಉಪ್ಪು, ನೀರು ಬೆರೆತಿರುತ್ತದೆ. ಅಂಗಡಿಯಲ್ಲಿ ಸಿಗುವ ಶುದ್ಧ ಗ್ಲಿಸರಿನ್ ಆಗಲು ಬಟ್ಟಿ ಇಳಿಸಬೇಕು, ಸಣ್ಣ ಘಟಕಕ್ಕೆ ಆ ಯಂತ್ರ ಕಟ್ಟುವುದಿಲ್ಲ. 2000ದ ದಶಕದಲ್ಲಿ ಬಯೋಡೀಸೆಲ್ ಘಟಕಗಳು ಒಟ್ಟಿಗೆ ತಲೆ ಎತ್ತಿದಾಗ ಕಚ್ಚಾ ಗ್ಲಿಸರಿನ್ ಜಾಸ್ತಿಯಾಗಿ ಅದರ ಬೆಲೆ ನೆಲಕಚ್ಚಿತು. ನಾನು ವರದಿ ನೋಡುವಾಗ ಗ್ಲಿಸರಿನ್ ಆದಾಯದ ಜಾಗದಲ್ಲಿ ಸೊನ್ನೆ ಬರೆದು ಮುಂದೆ ಹೋಗುತ್ತೇನೆ. ಸೊನ್ನೆ ಬರೆದ ಮೇಲೂ ಲಾಭ ಕಂಡರೆ ಮಾತ್ರ ಆ ವರದಿ ಓದಲು ಯೋಗ್ಯ.

ಎಲೆಕ್ಟ್ರಿಕ್ ಭಯದ ಬಗ್ಗೆ ಎರಡು ಮಾತು. ಕಾರುಗಳಷ್ಟು ಬೇಗ ಭಾರಿ ಲಾರಿ, ಹಡಗು, ಗಣಿಯ ಯಂತ್ರಗಳು ಬದಲಾಗುವುದಿಲ್ಲ. ಹಾಗಾಗಿ ನಾಳೆಯೇ ಗಿರಾಕಿ ಮಾಯವಾಗುವುದಿಲ್ಲ. ಆದರೆ ಮನೆಯವರ ಮಾತಿನಲ್ಲಿ ಒಂದು ಸತ್ಯವಿದೆ. ಬಯೋಡೀಸೆಲ್ ಬೇಡಿಕೆ ಎಷ್ಟೋ ಕಡೆ ಡೀಸೆಲ್‌ನ ಶೇಕಡಾವಾರು ಲೆಕ್ಕದಲ್ಲಿ ಇರುತ್ತದೆ. ಡೀಸೆಲ್ ಮಾರಾಟವೇ ಕುಗ್ಗಿದರೆ, ಮಿಶ್ರಣದ ಪ್ರಮಾಣ ಏರಿಸದ ಹೊರತು, ಬಯೋಡೀಸೆಲ್ ಕೂಡ ಕುಗ್ಗುತ್ತದೆ.

ದೊಡ್ಡ ಕಂಪನಿಗಳು ಇದ್ದರೆ ಭದ್ರ ಎಂದೂ ಹೇಳಲಾರೆ. ಜಟ್ರೋಫಾ ಎನ್ನುವ ಎಣ್ಣೆಬೀಜದ ಗಿಡ ಬೆಳೆದರೆ ಬರಡು ನೆಲದಲ್ಲೂ ಎಣ್ಣೆ ಹರಿಯುತ್ತದೆ ಎಂದು ನಂಬಿ 2007ರಲ್ಲಿ ಬಿಪಿ ಕಂಪನಿ ಬ್ರಿಟನ್ನಿನ ಡಿ1 ಆಯಿಲ್ಸ್ ಜೊತೆ ಸೇರಿತು, 2009ರಲ್ಲಿ ಕೈಬಿಟ್ಟಿತು. ಬರಡು ನೆಲದಲ್ಲಿ ಗಿಡ ಬದುಕುತ್ತದೆ, ಆದರೆ ಲೆಕ್ಕಕ್ಕೆ ಬೇಕಾದಷ್ಟು ಕಾಯಿ ಬಿಡುವುದಿಲ್ಲ. ಶೆಲ್ ಕಂಪನಿ ರಾಟರ್‌ಡ್ಯಾಮ್‌ನಲ್ಲಿ ವರ್ಷಕ್ಕೆ 8,20,000 ಟನ್ ಸಾಮರ್ಥ್ಯದ ಜೈವಿಕ ಇಂಧನ ಘಟಕ ಕಟ್ಟುತ್ತಾ 2024ರ ಜುಲೈನಲ್ಲಿ ಕೆಲಸ ನಿಲ್ಲಿಸಿತು, ಮುಂದಿನ ವರ್ಷ ಯೋಜನೆಯನ್ನೇ ಬಿಟ್ಟಿತು. ಅಂಥ ಹೊಡೆತ ಅವರು ತಡೆದುಕೊಳ್ಳುತ್ತಾರೆ. ಉಳಿತಾಯದ ಬಹುಪಾಲು ಹಾಕಿದ ನೀವು ತಡೆದುಕೊಳ್ಳಲಾರಿರಿ.

ಹಾಗಾದರೆ ನಿಮ್ಮ ಮುಂದೆ ಇರುವ ದಾರಿಗಳು ಯಾವುವು?

ಬರೀ ಗಿರಾಕಿಯಾಗಿ ಉಳಿಯಬಹುದು. ಸ್ನೇಹಿತರ ಘಟಕ ಶುರುವಾಗಲಿ, ಡೀಸೆಲ್ ಬೆಲೆಗಿಂತ ಇಂತಿಷ್ಟು ಶೇಕಡಾ ಕಡಿಮೆ ಎನ್ನುವ ಸೂತ್ರದ ಮೇಲೆ ಕೊಳ್ಳುವ ಒಪ್ಪಂದ ಮಾಡಿಕೊಳ್ಳಿ. ಮೈಲೇಜ್ ನಷ್ಟ ಅದರಲ್ಲಿ ಸೇರಿರಲಿ. ಸರಕು ಬರುವಾಗ ಪರೀಕ್ಷಾ ವರದಿ ಕೇಳಿ. ಕೈಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯೂ ಇದೆ: 20 ಡಿಗ್ರಿ ಸುಮಾರಿನ 27 ಮಿಲಿ ಮೆಥನಾಲ್‌ಗೆ 3 ಮಿಲಿ ಬಯೋಡೀಸೆಲ್ ಹಾಕಿ ಅಲ್ಲಾಡಿಸಿ ಇಡಿ. ಪೂರ್ತಿ ಕರಗಿದರೆ ಒಳ್ಳೆಯ ಲಕ್ಷಣ. ತಳದಲ್ಲಿ ಎಣ್ಣೆ ಹನಿಗಟ್ಟಿದರೆ ಬದಲಾಗದ ಎಣ್ಣೆ ಉಳಿದಿದೆ ಎಂದರ್ಥ, ವಾಪಸ್ ಕಳಿಸಿ. ಮೆಥನಾಲ್ ವಿಷ, ಬೇಗ ಹೊತ್ತಿಕೊಳ್ಳುತ್ತದೆ. ಗಾಳಿಯಾಡುವ ಕಡೆ, ಕೈಗವಸು ಹಾಕಿಕೊಂಡು, ಬೆಂಕಿಯಿಂದ ದೂರ ಮಾಡಿ. ಇದು ಪ್ರಯೋಗಾಲಯದ ವರದಿಗೆ ಬದಲಿ ಅಲ್ಲ.

ಎಣ್ಣೆ ಸಂಗ್ರಹದ ಕಡೆ ದುಡ್ಡು ಹಾಕುವುದು ಎರಡನೆಯ ದಾರಿ. ನನಗೆ ನಿಮ್ಮ ಮಟ್ಟಿಗೆ ಹೆಚ್ಚು ಸರಿ ಕಾಣುವುದು ಇದು. ನಿಮ್ಮಲ್ಲಿ ಲಾರಿ ಇದೆ, ಚಾಲಕರಿದ್ದಾರೆ, ದಾರಿ ಗೊತ್ತಿದೆ. ಈ ವ್ಯವಹಾರದಲ್ಲಿ ಬಲ ಇರುವುದು ಎಣ್ಣೆ ಯಾರ ಕೈಯಲ್ಲಿದೆಯೋ ಅವರಿಗೆ. ಬಯೋಡೀಸೆಲ್ ಘಟಕ ಮುಚ್ಚಿದರೂ ಸಂಗ್ರಹಿಸಿದ ಎಣ್ಣೆಗೆ ಬೇರೆ ಗಿರಾಕಿ ಸಿಗುತ್ತಾರೆ, ಎಣ್ಣೆಯನ್ನು ಬಯೋಡೀಸೆಲ್ ಮಾಡುವ ಪಾತ್ರೆಗೆ, ಅಂದರೆ ರಿಯಾಕ್ಟರಿಗೆ, ಸಿಗುವುದಿಲ್ಲ. ಅಪಾಯ ಇಲ್ಲದೇ ಇಲ್ಲ. ಕೊಡುವವರಿಗೆ ಕೈಯಲ್ಲಿ ನಗದು ಕೊಡಬೇಕು, ಕೊಂಡವರು ತಿಂಗಳು ಕಳೆದು ಕೊಡುತ್ತಾರೆ, ಆ ನಡುವಿನ ದುಡ್ಡು ನಿಮ್ಮದು. ಅದೇ ಎಣ್ಣೆಯನ್ನು ಮತ್ತೆ ಅಡುಗೆಗೆ ತಿರುಗಿಸುವ ಕಳ್ಳದಾರಿಯವರು ಜಾಸ್ತಿ ಬೆಲೆ ಕೊಟ್ಟು ಎತ್ತಿಕೊಂಡು ಹೋಗುತ್ತಾರೆ. ಎಲ್ಲಿಂದ ಬಂತು ಎನ್ನುವ ದಾಖಲೆ ಕಟ್ಟುನಿಟ್ಟಾಗಿ ಇಡಬೇಕು. ದಾಖಲೆ ಎಷ್ಟು ಮುಖ್ಯ ಎಂದರೆ, ಅಮೆರಿಕದಲ್ಲಿ 2011ರ ಸುಮಾರಿಗೆ ಘಟಕವೇ ಇಲ್ಲದ ಕಂಪನಿಯೊಂದು ಬಯೋಡೀಸೆಲ್ ತಯಾರಿಸಿದ್ದೇವೆಂದು ನಕಲಿ ಪ್ರಮಾಣಪತ್ರ ಮಾರಿದ್ದು ಬಯಲಾಯಿತು. ನಂಬಿ ಕೊಂಡವರೂ ದಂಡ ತೆರಬೇಕಾಯಿತು.

ಮೂರನೆಯದು, ಘಟಕದಲ್ಲೇ ಸಣ್ಣ ಪಾಲು. ಪೂರ್ತಿ ಹೋದರೂ ನಿಮ್ಮ ಸಂಸಾರ, ಲಾರಿಗಳ ಕಂತು ಅಲುಗಾಡದಷ್ಟು ಮೊತ್ತ ಮಾತ್ರ. ಸ್ನೇಹಿತರ ಸಾಲಕ್ಕೆ ವೈಯಕ್ತಿಕ ಜಾಮೀನು ಹಾಕಬೇಡಿ. ಪಾಲು ಮುಳುಗಿದರೆ ಹಾಕಿದ್ದು ಹೋಗುತ್ತದೆ, ಜಾಮೀನು ಮುಳುಗಿದರೆ ಲಾರಿಯೂ ಹೋಗುತ್ತದೆ. ಡೀಸೆಲ್ ಮೇಲೆಯೇ ನಡೆಯುವ ಲಾರಿ ವ್ಯವಹಾರ ಇರುವ ನಿಮಗೆ ಇನ್ನೊಂದು ತೊಡಕಿದೆ. ಡೀಸೆಲ್ ಏರಿದಾಗ ಲಾರಿ ಕಡೆ ಪೆಟ್ಟು ಬೀಳುತ್ತದೆ, ಆಗ ಘಟಕ ಕೈಹಿಡಿಯುತ್ತದೆ ಎಂಬ ಆಸೆ ಇರುತ್ತದೆ. ಎಣ್ಣೆಯೂ ಜೊತೆಗೇ ಏರುವುದರಿಂದ ಆ ಆಸೆ ಪ್ರತಿ ಸಲ ಈಡೇರುವುದಿಲ್ಲ.

ಉಳಿತಾಯದ ಬಹುಪಾಲು ಹಾಕುವ ನಾಲ್ಕನೆಯ ದಾರಿ ಬೇಡ. ಈಗಿರುವ ಲೆಕ್ಕದಲ್ಲಿ ಖಂಡಿತ ಬೇಡ.

ಸ್ನೇಹಿತರಿಗೆ ಬೇಸರ ಆಗದಂತೆ ಇಷ್ಟು ಕೇಳಿ. ಎಣ್ಣೆ ಕೊಡುವವರ ಜೊತೆ ಬರಹದ ಒಪ್ಪಂದ ಇದೆಯೇ, ಎಷ್ಟು ತಿಂಗಳಿಗೆ, ಯಾವ ಬೆಲೆಗೆ? ಘಟಕದ ಸಾಮರ್ಥ್ಯದಲ್ಲಿ ಅದು ಎಷ್ಟು ಭಾಗ ತುಂಬುತ್ತದೆ? ಎಣ್ಣೆ ಶೇ. 15 ಏರಿ ಡೀಸೆಲ್ ಶೇ. 15 ಇಳಿದರೆ ಎಷ್ಟು ತಿಂಗಳು ತಡೆಯಬಹುದು? ಸಬ್ಸಿಡಿ, ರಿಯಾಯಿತಿ ತೆಗೆದರೆ ಉಳಿಯುವುದೇನು? ಇವಕ್ಕೆ ಉತ್ತರ ಇದ್ದರೆ ಅವರು ಕೆಲಸ ಗೊತ್ತಿರುವವರು, ಮೂರನೆಯ ದಾರಿಯ ಬಗ್ಗೆ ಯೋಚಿಸಬಹುದು. ಯಂತ್ರ ಬುಕ್ ಮಾಡುವ ಮೊದಲು ಮೂರು ತಿಂಗಳು ಬರೀ ಎಣ್ಣೆ ಸಂಗ್ರಹಿಸಿ ಮಾರಿ ನೋಡೋಣ ಅಂತ ನೀವೇ ಹೇಳಿ. ಆ ಮೂರು ತಿಂಗಳ ಖರೀದಿ ಬಿಲ್ಲು ಮತ್ತು ಆಮ್ಲದ ಪರೀಕ್ಷೆಯ ವರದಿ ಕಳಿಸಿದರೆ ಘಟಕದ ಲೆಕ್ಕವನ್ನು ನಾನೇ ಕೂತು ನೋಡಿ ಹೇಳುತ್ತೇನೆ.